ಹವಳಕ್ಕೂ ಹಸಿವುಂಟು: ರೀಫ್ ತೊಟ್ಟಿಯ ಎಂಟು ತಪ್ಪು ಕಲ್ಪನೆಗಳು

ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡ ನಾವು ಮೀನಿನ ಊಟಕ್ಕೆ ಬಹಳ ತಲೆ ಕೆಡಿಸಿಕೊಳ್ಳುತ್ತೇವೆ. ಹವಳದ ಊಟದ ಮಾತು ಬಂದಾಗ ಮಾತ್ರ ಕೇಳಿದ್ದನ್ನೆಲ್ಲ ನಂಬಿಬಿಡುತ್ತೇವೆ. ಅಂಗಡಿಯವರದು ಒಂದು ಸಲಹೆ, ಬಾಟಲಿಯ ಲೇಬಲ್‌ನದು ಇನ್ನೊಂದು, ಗೆಳೆಯರದು ಮತ್ತೊಂದು. ನಡುವೆ ಪೆಟ್ಟು ತಿನ್ನುವುದು ಮೂಕ ಜೀವ. ಹೊಸಬರು ಸಾಮಾನ್ಯವಾಗಿ ಮೊದಲು ತರುವ ಹವಳ ಝೋಆಂಥಿಡ್. ಬಂಡೆಯ ಮೇಲೆ ಒತ್ತೊತ್ತಾಗಿ ಹಬ್ಬುವ ಬಣ್ಣಬಣ್ಣದ ಈ ಪಾಲಿಪ್‌ಗಳನ್ನು ಹವ್ಯಾಸಿಗಳು ಝೋವಾ, ಪಾಲಿ ಎಂದು ಕರೆಯುತ್ತಾರೆ. ಅವುಗಳಿಗೆ ಉಣಿಸುವ ಬಗ್ಗೆ ಹಬ್ಬಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹವಳವೆಂದರೆ ಕಲ್ಲು, ಇಲ್ಲವೇ ಒಂದು ಜಾತಿಯ ಗಿಡ. ಅದಕ್ಕೆ ಊಟ ಬೇಕಿಲ್ಲ.

ವಾಸ್ತವ: ಹವಳ ಪ್ರಾಣಿ. ಕುಜನ ಹೆಸರಿನಲ್ಲಿ ನಾವು ಉಂಗುರಕ್ಕೆ ಹಾಕಿಸುವ ಕೆಂಪು ಹವಳ ಕೂಡ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂನಂತಹ ಜೀವಿಗಳ ಅಸ್ಥಿಪಂಜರ. ಅದು ಮಬ್ಬುಗತ್ತಲಲ್ಲಿ, ನೀರಿನ ಸೆಳೆತ ತಂದುಕೊಟ್ಟದ್ದನ್ನು ತಿಂದೇ ಬದುಕುತ್ತದೆ. ಝೋಆಂಥಿಡ್‌ಗಳಿಗೆ ಅಂಥ ಅಸ್ಥಿಪಂಜರವೂ ಇಲ್ಲ. ಪಾಲಿಥೋವಾ ಕುಲದವು ಮರಳಿನ ಕಣಗಳನ್ನೇ ಮೈಗೆ ಸೇರಿಸಿಕೊಂಡು ಗಟ್ಟಿಯಾಗುತ್ತವೆ. ಪ್ರತಿ ಪಾಲಿಪ್‌ಗೂ ಬಾಯಿ ಇದೆ, ಜಠರ ಇದೆ, ಕುಟುಕುವ ಕೋಶಗಳಿವೆ. ಬಾಯಿ ಇದ್ದಮೇಲೆ ಅದಕ್ಕೊಂದು ಕೆಲಸವೂ ಇದ್ದೇ ಇರುತ್ತದೆ.

ತಪ್ಪು ಕಲ್ಪನೆ 2: ಒಳ್ಳೆಯ ಲೈಟ್ ಹಾಕಿದರೆ ಸಾಕು, ಹವಳ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ.

ವಾಸ್ತವ: ಇದು ಅರ್ಧ ಸತ್ಯ, ಹಾಗಾಗಿಯೇ ಬಿಡಿಸುವುದು ಕಷ್ಟ. ಝೋಆಂಥಿಡ್‌ನ ಅಂಗಾಂಶದೊಳಗೆ ಝೂಝಾಂಥೆಲೆ ಎಂಬ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬೆಳಕಿನಲ್ಲಿ ಅವು ತಯಾರಿಸುವ ಸಕ್ಕರೆಯಂಥ ಪದಾರ್ಥಗಳಲ್ಲಿ ದೊಡ್ಡ ಪಾಲು ಹವಳಕ್ಕೆ ಸಿಗುತ್ತದೆ. ದಿನದ ಖರ್ಚಿಗೆ ಬೇಕಾದ ಶಕ್ತಿಯ ಒಂದು ಪಾಲು ಅದರಿಂದ ದೊರೆಯುತ್ತದೆ. ಆದರೆ ಹೊಸ ಪಾಲಿಪ್ ಮೂಡಲು ಸಾರಜನಕ ಬೇಕು, ರಂಜಕ ಬೇಕು. ಇವನ್ನು ಬೆಳಕು ಕೊಡುವುದಿಲ್ಲ. ನೀರಿನಲ್ಲಿ ಕರಗಿದ್ದರಿಂದಲೋ ಹಿಡಿದು ತಿಂದದ್ದರಿಂದಲೋ ಬರಬೇಕು.

ವಿಜ್ಞಾನಿಗಳೂ ಒಮ್ಮೆ ಇನ್ನೊಂದು ತುದಿಗೆ ವಾಲಿದ್ದರು. 1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್‌ನಲ್ಲಿ ಬೀಡುಬಿಟ್ಟಿದ್ದ ಸಂಶೋಧನಾ ತಂಡದ ನಾಯಕ ಸಿ.ಎಂ. ಯಂಗ್, ಹವಳಗಳು ಅಪ್ಪಟ ಮಾಂಸಾಹಾರಿಗಳು, ಪಾಚಿಯಿಂದ ಅವಕ್ಕೆ ಆಹಾರ ಸಿಗುವುದಿಲ್ಲ ಎಂದು ವಾದಿಸಿದರು. ಮುಂದೆ ವಿಕಿರಣಶೀಲ ಇಂಗಾಲ ಬಳಸಿ ಮಾಡಿದ ಪ್ರಯೋಗಗಳಲ್ಲಿ ಪಾಚಿ ತಯಾರಿಸಿದ ಆಹಾರ ಹವಳದ ಮೈ ಸೇರುವುದು ಖಚಿತವಾಯಿತು. ಬೆಳಕೂ ಬೇಕು, ಬೇಟೆಯೂ ಬೇಕು.

ಎಷ್ಟು ಬೇಕೆಂಬುದು ಕುಲದಿಂದ ಕುಲಕ್ಕೆ ಬದಲಾಗುತ್ತದೆ. ಝೋಆಂಥಸ್ ಹೆಚ್ಚಾಗಿ ಬೆಳಕನ್ನೇ ನೆಚ್ಚಿಕೊಂಡಿದೆ. ದಪ್ಪ ಮೈಯ, ಅಗಲ ಮುಖದ ಪಾಲಿಥೋವಾ ಚುರುಕಾಗಿ ಹಿಡಿದು ತಿನ್ನುತ್ತದೆ. ಕಿತ್ತಳೆ ಬಣ್ಣದ ಸನ್ ಕೋರಲ್‌ನಲ್ಲಿ ಪಾಚಿಯೇ ಇಲ್ಲ. ಉಣಿಸದಿದ್ದರೆ ಅದು ಸಾಯುತ್ತದೆ. ಅಂದಹಾಗೆ, ಅದು ಕಲ್ಲುಹವಳಗಳ ಗುಂಪಿನದು. ನಮ್ಮ ದೇಶದಲ್ಲಿ ಆ ಗುಂಪಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ನೇತ್ರಾಣಿ ದ್ವೀಪದ ಸುತ್ತ ಮುಳುಗಿದಾಗ ಕಂಡ ಹವಳವನ್ನು ಕಣ್ತುಂಬ ನೋಡಿ ಬರಬೇಕು, ಕಿತ್ತು ತರಬಾರದು.

ತಪ್ಪು ಕಲ್ಪನೆ 3: ಬಾಟಲಿಯ ಹಸಿರು ಫೈಟೋಪ್ಲ್ಯಾಂಕ್ಟನ್ ಎಲ್ಲ ಹವಳಕ್ಕೂ ಸಂಪೂರ್ಣ ಆಹಾರ.

ವಾಸ್ತವ: ಆ ಹಸಿರು ಕಣಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ 2ರಿಂದ 20 ಭಾಗದಷ್ಟು ಚಿಕ್ಕವು. ಮೃದ್ವಂಗಿಗಳಿಗೆ, ಕೋಪಿಪಾಡ್‌ಗಳಿಗೆ ಅವು ಸೊಗಸಾದ ಊಟ. ಝೋಆಂಥಿಡ್‌ನ ಎಳೆಗಳು ಹಿಡಿಯಲು ಹೆಚ್ಚು ಹೊಂದುವುದು ಚಲಿಸುವ ಪ್ರಾಣಿ ಪ್ಲ್ಯಾಂಕ್ಟನ್: ರೋಟಿಫರ್, ಕೋಪಿಪಾಡ್ ಮರಿ, ಸೈಕ್ಲಾಪ್ಸ್, ಸುಮಾರು ಅರ್ಧ ಮಿಲಿಮೀಟರಿನ ಆರ್ಟೀಮಿಯಾ ಮರಿ. ಆರ್ಟೀಮಿಯಾವನ್ನು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೊಡಬೇಕು. ಹೊತ್ತು ಹೋದಂತೆ ಮೈಯಲ್ಲಿನ ಹಳದಿ ಭಂಡಾರ ಕರಗಿ ಸತ್ವ ಇಳಿಯುತ್ತದೆ. ಮೀನಿಗೆ ಹಾಕುವ ಇಡೀ ಸಿಗಡಿ ತುಂಡು ಪುಟ್ಟ ಝೋವಾದ ಬಾಯಿಗೆ ಹಿಡಿಸದು. ಬಾಯಿ ನೋಡಿ ತುತ್ತು ಕೊಡಬೇಕು.

ತಪ್ಪು ಕಲ್ಪನೆ 4: ಹವಳಗಳು ನಿಶಾಚರಿಗಳು, ಲೈಟ್ ಆರಿಸಿದ ಮೇಲೆಯೇ ಉಣಿಸಬೇಕು.

ವಾಸ್ತವ: ಅನೇಕ ಕಲ್ಲುಹವಳಗಳ ಮಟ್ಟಿಗೆ ಇದು ನಿಜ. ಕಡಲಲ್ಲಿ ಕತ್ತಲಾದ ಮೇಲೆ ಪ್ಲ್ಯಾಂಕ್ಟನ್ ಮೇಲೇಳುತ್ತದೆ, ಆಗ ಅವು ಎಳೆಗಳನ್ನು ಚಾಚುತ್ತವೆ. ಆದರೆ ತೊಟ್ಟಿಯ ಬಹುಪಾಲು ಝೋವಾಗಳು ಹಗಲಲ್ಲಿ ಅರಳಿ ರಾತ್ರಿ ಮುದುಡಿಕೊಳ್ಳುತ್ತವೆ. ಮುಚ್ಚಿದ ಬಾಯಿಗೆ ಸುರಿದ ಆಹಾರ ಕೊಳೆಯುವುದಷ್ಟೇ. ಗಡಿಯಾರ ನೋಡಿ ಉಣಿಸುವುದಲ್ಲ, ಅರಳಿದ್ದನ್ನು ನೋಡಿ ಉಣಿಸುವುದು.

ತಪ್ಪು ಕಲ್ಪನೆ 5: ಆಹಾರ ಬಿದ್ದೊಡನೆ ಪಾಲಿಪ್ ಮುಚ್ಚಿಕೊಂಡರೆ ಅದು ತಿಂದಿತು ಎಂದೇ ಅರ್ಥ.

ವಾಸ್ತವ: ನೀರು ರಭಸವಾಗಿ ಬಡಿದರೂ ಅದು ಮುಚ್ಚುತ್ತದೆ, ಏಡಿ ತುಳಿದರೂ ಮುಚ್ಚುತ್ತದೆ. ನಿಜವಾದ ಊಟವನ್ನು ಹತ್ತಿರದಿಂದ ನೋಡಬೇಕು. ಪಂಪ್ ನಿಲ್ಲಿಸಿ, ಹೆಪ್ಪುಗಟ್ಟಿಸಿಟ್ಟ ಸೈಕ್ಲಾಪ್ಸ್ ಅನ್ನು ಕರಗಿಸಿ ಪಿಪೆಟ್‌ನಿಂದ ಪಾಲಿಥೋವಾದ ಮೇಲೆ ಒಂದೆರಡು ಹನಿ ಬಿಡಿ. ಕೆಂಪು ಕಣಗಳು ಎಳೆಗಳಿಗೆ ಅಂಟುತ್ತವೆ. ಆಹಾರದಲ್ಲಿನ ಅಮೈನೋ ಆಮ್ಲದ ಸುಳಿವು ಸಿಕ್ಕೊಡನೆ ಅಂಚು ಒಳಕ್ಕೆ ಬಾಗಿ, ಹುರಿ ಎಳೆದ ಚೀಲದ ಬಾಯಿಯಂತೆ ಇಡೀ ಮುಖ ಕೂಡಿಕೊಳ್ಳುತ್ತದೆ. ನಡುವಿನ ಸೀಳುಬಾಯಿ ತೆರೆದು ಕಣಗಳನ್ನು ಒಳಗೆಳೆಯುತ್ತದೆ. ಪಕ್ಕದ ಝೋಆಂಥಸ್ ಮೇಲೆ ಅದೇ ಕಣಗಳು ಉರುಳಿ ಜಾರಿಹೋಗುವುದೂ ಉಂಟು. ಇನ್ನೊಂದು ಗುರುತು ಇದೆ: ಸ್ವಲ್ಪ ಹೊತ್ತಿನಲ್ಲೇ ಲೋಳೆ ಸುತ್ತಿದ ಆಹಾರ ಹಾಗೇ ಹೊರಬಿದ್ದರೆ ಅದು ಬೇಡವೆಂದು ಉಗಿದದ್ದು. ಪಾಲಿಪ್‌ಗೆ ಬಾಯಿಯೂ ಮಲದ್ವಾರವೂ ಒಂದೇ. ತಡವಾಗಿ ಹೊರಬರುವ ಕಂದು ಉಂಡೆ ಮಾತ್ರ ಜೀರ್ಣದ ಶೇಷ.

ತಪ್ಪು ಕಲ್ಪನೆ 6: ಹೆಚ್ಚು ಉಣಿಸಿದಷ್ಟೂ ಬೇಗ ಹಬ್ಬುತ್ತದೆ; ಅಥವಾ, ನೈಟ್ರೇಟ್ ಸೊನ್ನೆ ಇದ್ದರೇ ತೊಟ್ಟಿ ಶುದ್ಧ, ಉಣಿಸಲೇಬಾರದು.

ವಾಸ್ತವ: ಎರಡೂ ಅತಿ. ತಿನ್ನದೆ ಉಳಿದ ಪ್ರೋಟೀನ್ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಜೊತೆಗೆ ಫಾಸ್ಫೇಟ್ ಏರುತ್ತದೆ. ಬಂಡೆಗೆ ಕೂದಲುಪಾಚಿ ಹತ್ತಿ ಪಾಲಿಪ್‌ಗಳನ್ನೇ ಮುಚ್ಚುತ್ತದೆ. ಹಾಗೆಂದು ಎಲ್ಲವನ್ನೂ ಸೊನ್ನೆಗೆ ಇಳಿಸಿದರೆ ಝೋವಾ ಬಣ್ಣ ಕಳೆದುಕೊಂಡು ಕುಗ್ಗುತ್ತದೆ. ತೊಟ್ಟಿಯಲ್ಲಿ ಕಂದು ಲೋಳೆಯ ಡೈನೋಫ್ಲ್ಯಾಜೆಲೇಟ್‌ಗಳು ತಲೆಯೆತ್ತುತ್ತವೆ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇರಲಿ ಎಂಬುದು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿರುವ ಅಂದಾಜು. ವಾರಕ್ಕೆ ಒಂದೆರಡು ಸಲ ಸ್ವಲ್ಪ ಉಣಿಸಿದರೆ ಝೋಆಂಥಿಡ್‌ಗೆ ಧಾರಾಳ. ಪಾಲಿಪ್‌ಗಳನ್ನು ಬುಡದ ಅಂಗಾಂಶ ಒಂದಕ್ಕೊಂದು ಜೋಡಿಸಿರುತ್ತದೆ. ಹಾಗಾಗಿ ಒಂದನ್ನೂ ಬಿಡದೆ ತುತ್ತಿಡುವ ಚಿಂತೆ ಬೇಡ.

ತಪ್ಪು ಕಲ್ಪನೆ 7: ತೊಟ್ಟಿಯ ಜೀವ ಸತ್ತರೆ ಅದು ಮನೆಗೆ ಬಿದ್ದ ದೃಷ್ಟಿಯನ್ನು ತಾನು ತೆಗೆದುಕೊಂಡಿತು.

ವಾಸ್ತವ: ಈ ನಂಬಿಕೆ ಮನೆಮಂದಿಗೆ ಸಮಾಧಾನ ಕೊಡುತ್ತದೆ ನಿಜ. ಮಕ್ಕಳ ಅಳು ನಿಲ್ಲಿಸಲು ನಾವೂ ಇದನ್ನೇ ಹೇಳಿದವರು. ಆದರೆ ಸಮಾಧಾನದ ಜೊತೆಗೆ ಅದು ವಿಚಾರಣೆಯನ್ನೂ ನಿಲ್ಲಿಸುತ್ತದೆ. ಪಾಲಿಪ್ ಕರಗತೊಡಗಿದರೆ ಕೇಳಬೇಕಾದ ಪ್ರಶ್ನೆಗಳಿವೆ: ಉಪ್ಪಿನಂಶ ಏರುಪೇರಾಯಿತೆ? ಕೊಳೆತ ಆಹಾರ ಬಂಡೆಯ ಹಿಂದೆ ಉಳಿಯಿತೆ? ಕರೆಂಟ್ ಹೋಗಿ ಪಂಪ್ ನಿಂತಿತ್ತೆ? ಪಾಲಿಪ್ ತಿನ್ನುವ ಪುಟ್ಟ ಹುಳುವೋ ಬಸವನಹುಳುವೋ ಸೇರಿದೆಯೆ? ಕಾರಣ ಹುಡುಕಿದರೆ ಉಳಿದವಾದರೂ ಬದುಕುತ್ತವೆ.

ತಪ್ಪು ಕಲ್ಪನೆ 8: ಝೋವಾಗಳು ಹೂವಿನಷ್ಟೇ ನಿರಪಾಯ, ಅಥವಾ, ಮುಟ್ಟಿದರೆ ಸಾವು.

ವಾಸ್ತವ: ಹವಾಯಿಯ ಮಾವಿ ದ್ವೀಪದ ಹಾನಾ ಎಂಬಲ್ಲಿ ಒಂದು ಕೊಳದ ಕಡಲಪಾಚಿ ಶಾಪಗ್ರಸ್ತ, ಅದನ್ನು ಮುಟ್ಟಬಾರದು ಎಂಬ ಐತಿಹ್ಯವಿತ್ತು. ಹಿಂದಿನವರು ಈಟಿಗೆ ಅದನ್ನು ಸವರುತ್ತಿದ್ದರಂತೆ. ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಪಾಚಿಯಲ್ಲ, ಪಾಲಿಥೋವಾ ಎಂದು ತಿಳಿಯಿತು. ಅದರಲ್ಲಿನ ಘೋರ ವಿಷವಾದ ಪಾಲಿಟಾಕ್ಸಿನ್ ಬಗ್ಗೆ ಹವಾಯಿ ವಿಶ್ವವಿದ್ಯಾಲಯದ ಮೂರ್ ಮತ್ತು ಶೋಯರ್ 1971ರಲ್ಲಿ ಪ್ರಕಟಿಸಿದರು. ಶಾಪದ ಮಾತಿನೊಳಗೆ ಅನುಭವದ ಎಚ್ಚರಿಕೆ ಇತ್ತು. ಎಲ್ಲ ಝೋವಾಗಳಲ್ಲೂ ಈ ವಿಷ ಒಂದೇ ಪ್ರಮಾಣದಲ್ಲಿಲ್ಲ. ಹಲವುಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಕಣ್ಣಳತೆಯಲ್ಲಿ ಅದನ್ನು ಹೇಳಲಾಗದು. ಆದ್ದರಿಂದ ಬಂಡೆ ಮುಟ್ಟುವಾಗ ಕೈಗವಸು ಇರಲಿ, ಕತ್ತರಿಸುವಾಗ ಕನ್ನಡಕವೂ ಇರಲಿ. ಬಂಡೆಯನ್ನು ಎಂದೂ ಕುದಿಸಬೇಡಿ, ಬಿಸಿನೀರು ಸುರಿದು ಉಜ್ಜಬೇಡಿ. ಆ ಹಬೆ ಕುಡಿದು ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ್ದುಂಟು. ಉಣಿಸಲು ಉದ್ದನೆಯ ಪಿಪೆಟ್ ಬಳಸಿದರೆ ಬರಿಗೈ ಹಾಕುವ ಪ್ರಸಂಗವೇ ಬಾರದು.

ಇಷ್ಟಕ್ಕೂ ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಪಿಪೆಟ್, ಬಾಯಿಗೆ ಹಿಡಿಸುವ ಆಹಾರ, ಪಂಪ್ ನಿಲ್ಲಿಸಿ ಕಾಯುವ ಹತ್ತು ಹದಿನೈದು ನಿಮಿಷ, ಉಳಿದದ್ದನ್ನು ಎಳೆದು ತೆಗೆಯುವ ಸೈಫನ್ ಕೊಳವೆ, ನೀರಿನ ಟೆಸ್ಟ್ ಕಿಟ್. ಕಡಲಲ್ಲಿ ಅಲೆ ತಂದುಕೊಡುತ್ತಿದ್ದ ಊಟವನ್ನು, ಅಲೆಯೇ ಕೊಚ್ಚಿಕೊಂಡು ಹೋಗುತ್ತಿದ್ದ ಕೊಳೆಯನ್ನು ನಾಲ್ಕು ಗಾಜಿನ ಗೋಡೆಗಳ ನಡುವೆ ನೋಡಿಕೊಳ್ಳುವವರು ನಾವೇ. ಆ ಹೊಣೆ ಹೊರಲು ಮನಸ್ಸಿಲ್ಲದಿದ್ದರೆ ಹವಳ ತರದಿರುವುದೇ ನ್ಯಾಯ.