ಸೋಫಾದ ಮುಂದೆ ನಿಂತುಬಿಡುವ ಡ್ಯಾಶ್‌ಹೌಂಡ್

ನಿನ್ನೆಯವರೆಗೂ ಒಂದೇ ನೆಗೆತಕ್ಕೆ ಸೋಫಾ ಹತ್ತುತ್ತಿದ್ದ ಡ್ಯಾಶ್‌ಹೌಂಡ್ ಇವತ್ತು ಮುಂಗಾಲು ಮೇಲಿಟ್ಟು, ಸ್ವಲ್ಪ ಹೊತ್ತು ನಿಂತು, ಕೆಳಗಿಳಿದು ಹೋಗುತ್ತದೆ. ಎತ್ತಿಕೊಳ್ಳಲು ಹೋದರೆ ಕುಂಯ್ಗುಡುತ್ತದೆ. ಬೆನ್ನು ಸ್ವಲ್ಪ ಕಮಾನಾಗಿದೆ, ಹೊಟ್ಟೆ ಮುಟ್ಟಿದರೆ ಬಿಗಿಯಾಗಿದೆ, ಮೈ ಸಣ್ಣಗೆ ನಡುಗುತ್ತಿದೆ. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡು ಮನೆಯವರು ಒಂದು ಹೊತ್ತಿನ ಊಟ ತಪ್ಪಿಸುತ್ತಾರೆ, ನಾಳೆ ನೋಡೋಣ ಎನ್ನುತ್ತಾರೆ. ಈ ತಳಿಯ ನಾಯಿಯ ವಿಷಯದಲ್ಲಿ ಆ ‘ನಾಳೆ’ ಬಹಳ ದುಬಾರಿ. ಬಿಗಿಯಾಗಿರುವುದು ಹೊಟ್ಟೆಯಾದರೂ ನೋವಿರುವುದು ಬೆನ್ನಿನಲ್ಲಿ. ಡಿಸ್ಕ್ ಜಾರಿದ ಲಕ್ಷಣ ಕಾಲಿನಲ್ಲಿ ಕಾಣುವುದಕ್ಕೆ ಎಷ್ಟೋ ಮೊದಲು ನಾಯಿಯ ನಡವಳಿಕೆಯಲ್ಲಿ ಕಾಣುತ್ತದೆ.

ಬೆನ್ನೆಲುಬಿನ ಎರಡು ಮಣಿಗಳ ನಡುವೆ ಕೂತಿರುವ ಡಿಸ್ಕಿಗೆ ಹೊರಗೆ ನಾರಿನ ಗಟ್ಟಿ ಸುತ್ತು, ಒಳಗೆ ನೀರು ತುಂಬಿದ ಲೋಳೆ. ಕಡುಬಿನ ಕಣಕ ಮತ್ತು ಹೂರಣ ಇದ್ದ ಹಾಗೆ. ಓಡುವಾಗ, ನೆಗೆಯುವಾಗ ಬೀಳುವ ಒತ್ತಡವನ್ನು ಆ ಲೋಳೆ ಸುತ್ತಲೂ ಹಂಚುತ್ತದೆ. ಡ್ಯಾಶ್‌ಹೌಂಡಿನಲ್ಲಿ ಈ ಲೋಳೆ ಎಳೆಯ ವಯಸ್ಸಿನಲ್ಲೇ ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಅದು ಬದಲಾಗಿರುತ್ತದೆ, ಎಷ್ಟೋ ನಾಯಿಗಳಲ್ಲಿ ಸುಣ್ಣಗಟ್ಟುವುದಕ್ಕೂ ಶುರುವಾಗಿರುತ್ತದೆ. ಒತ್ತಡ ಹಂಚುವ ಶಕ್ತಿ ಹೋದ ಮೇಲೆ ಹೊರಗಿನ ಸುತ್ತು ಒಂದು ದಿನ ಹರಿಯುತ್ತದೆ, ಒಳಗಿನ ಗಟ್ಟಿ ಪದಾರ್ಥ ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಸಾಮಾನ್ಯವಾಗಿ ಇದು ನಡೆಯುವುದು ಮೂರರಿಂದ ಏಳು ವರ್ಷದೊಳಗೆ, ನಾಯಿ ತುಂಬು ಪ್ರಾಯದಲ್ಲಿರುವಾಗ. ದೊಡ್ಡ ತಳಿಗಳಲ್ಲಿ ವಯಸ್ಸಾದ ಮೇಲೆ ಡಿಸ್ಕ್ ನಿಧಾನವಾಗಿ ಉಬ್ಬುವುದೇ ಬೇರೆ, ಹೀಗೆ ಒಮ್ಮೆಲೇ ಸಿಡಿಯುವುದೇ ಬೇರೆ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಪಶುವೈದ್ಯ ಹಾನ್ಸೆನ್ ಇವೆರಡನ್ನೂ ಬೇರ್ಪಡಿಸಿ ವಿವರಿಸಿದರು. ಇವತ್ತಿಗೂ ವೈದ್ಯರು ‘ಹಾನ್ಸೆನ್ ಒಂದನೇ ಬಗೆ’, ‘ಎರಡನೇ ಬಗೆ’ ಎಂದೇ ಹೇಳುತ್ತಾರೆ.

ಡ್ಯಾಶ್‌ಹೌಂಡಿಗೇ ಯಾಕೆ ಹೀಗೆ? ಉದ್ದ ಬೆನ್ನಿನ ಭಾರ ಎಂಬುದು ಜನಪ್ರಿಯ ಉತ್ತರ. ಬೇರು ಇರುವುದು ಜೀನ್‌ನಲ್ಲಿ. ಜರ್ಮನಿಯ ಬೇಟೆಗಾರರು ಬ್ಯಾಡ್ಜರ್ ಬಿಲಗಳಿಗೆ ನುಗ್ಗಲೆಂದು ಗಿಡ್ಡ ಕಾಲಿನ ನಾಯಿಗಳನ್ನೇ ಆರಿಸಿ ಬೆಳೆಸಿದರು. ಮೂಳೆ, ಮೃದ್ವಸ್ಥಿಗಳ ಬೆಳವಣಿಗೆಗೆ ಸಂಬಂಧಪಟ್ಟ ಎಫ್‌ಜಿಎಫ್4 ಎಂಬ ಜೀನ್‌ನ ಒಂದು ಹೆಚ್ಚುವರಿ ಪ್ರತಿಯೇ ಕಾಲು ಗಿಡ್ಡವಾಗಲು ಕಾರಣ ಎಂದು 2009ರಲ್ಲಿ ಗೊತ್ತಾಯಿತು. ಅದೇ ಜೀನ್‌ನ ಇನ್ನೊಂದು ಪ್ರತಿ ನಾಯಿಯ 12ನೇ ಕ್ರೋಮೋಸೋಮಿನಲ್ಲಿದೆ, ಡಿಸ್ಕ್ ಬೇಗ ಹಾಳಾಗುವುದಕ್ಕೂ ಅದಕ್ಕೂ ನಂಟಿದೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ನಾವು ಮುದ್ದು ಎಂದು ಮೆಚ್ಚುವ ಆ ಆಕಾರವೂ ಈ ಕಾಯಿಲೆಯೂ ಒಟ್ಟೊಟ್ಟಿಗೇ ಬಂದಿವೆ. ಐದು ಡ್ಯಾಶ್‌ಹೌಂಡ್‌ಗಳಲ್ಲಿ ಸುಮಾರು ಒಂದಕ್ಕೆ ಜೀವಮಾನದಲ್ಲಿ ಈ ತೊಂದರೆ ಬರುತ್ತದೆ.

‘ನನಗೂ ಸ್ಲಿಪ್ ಡಿಸ್ಕ್ ಆಗಿತ್ತು, ಎರಡು ವಾರ ಮಲಗಿದೆ, ಸರಿಹೋಯಿತು’ ಎನ್ನುವವರು ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಮನುಷ್ಯರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ಇಳಿಯುವುದು ನರಗಳ ಕಟ್ಟು. ನಮ್ಮ ಡಿಸ್ಕ್ ಹೆಚ್ಚಾಗಿ ಜಾರುವುದು ಸೊಂಟದ ಕೊನೆಯಲ್ಲಿ, ಹಾಗಾಗಿ ಒಂದು ನರ ಅದುಮಿಹೋಗಿ ಕಾಲು ಸೆಳೆಯುತ್ತದೆ. (ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮಾತ್ರ ಮನುಷ್ಯರೂ ಅದೇ ದಿನ ಆಸ್ಪತ್ರೆ ಸೇರಬೇಕು.) ನಾಯಿಯ ಬೆನ್ನುಹುರಿ ಸೊಂಟದ ಕೊನೆಯ ಹತ್ತಿರದವರೆಗೂ ಚಾಚಿದೆ. ಅದರ ಡಿಸ್ಕ್ ಹೆಚ್ಚಾಗಿ ಜಾರುವುದು ಎದೆಗೂಡು ಮುಗಿದು ಸೊಂಟ ಶುರುವಾಗುವ ಕಡೆ. ಅದಕ್ಕಿಂತ ಮುಂದೆ, ತಲೆಯ ಕಡೆಗೆ, ಎಡ ಬಲದ ಪಕ್ಕೆಲುಬುಗಳ ತಲೆಗಳನ್ನು ಬಿಗಿಯುವ ಒಂದು ಅಸ್ಥಿರಜ್ಜು ಡಿಸ್ಕಿನ ಮೇಲೆ ಅಡ್ಡ ಹಾಯ್ದು ತಡೆಯಾಗಿ ನಿಂತಿದೆ, ಕೊನೆಯ ಪಕ್ಕೆಲುಬುಗಳ ಬಳಿ ಆ ತಡೆ ಇಲ್ಲ. ಪೆಟ್ಟು ನೇರವಾಗಿ ಬೆನ್ನುಹುರಿಗೇ ಬೀಳುವುದರಿಂದ ಬೆಳಿಗ್ಗೆ ತೂರಾಡುತ್ತಿದ್ದ ನಾಯಿ ಸಂಜೆಯೊಳಗೆ ಹಿಂಗಾಲು ಎಳೆಯುವಂತಾಗಬಹುದು.

ಬೆನ್ನುಹುರಿ ತನ್ನ ಕೆಲಸಗಳನ್ನು ಒಂದೊಂದಾಗಿ, ಬಹುತೇಕ ಗೊತ್ತಾದ ಕ್ರಮದಲ್ಲಿ ಕಳೆದುಕೊಳ್ಳುತ್ತದೆ. ಅದರೊಳಗಿನ ದಪ್ಪ ನರದ ಎಳೆಗಳು ಒತ್ತಡಕ್ಕೆ ಬೇಗ ಸೋಲುತ್ತವೆ, ಸಣ್ಣವು ಕೊನೆಯವರೆಗೂ ತಡೆಯುತ್ತವೆ. ಕಾಲು ಎಲ್ಲಿದೆ, ಹೇಗಿದೆ ಎಂದು ತಿಳಿಸುವ ಎಳೆಗಳು ಮೊದಲು ಕೈಕೊಡುತ್ತವೆ. ಆಗ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವ ಸದ್ದು ಕೇಳುತ್ತದೆ, ತಿರುಗುವಾಗ ಕಾಲು ಒಂದಕ್ಕೊಂದು ತೊಡರುತ್ತದೆ. ವೈದ್ಯರು ನಿಂತಿರುವ ನಾಯಿಯ ಭಾರ ಹಿಡಿದುಕೊಂಡು ಹಿಂದಿನ ಪಾದವನ್ನು ಮಡಚಿ, ಮೇಲ್ಮೈ ನೆಲಕ್ಕೆ ತಾಗುವಂತೆ ಇಡುತ್ತಾರೆ. ಸರಿಯಾಗಿರುವ ನಾಯಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಬೆನ್ನುಹುರಿಗೆ ಪೆಟ್ಟಾದ ನಾಯಿ ಮಡಚಿದ ಪಾದದ ಮೇಲೆಯೇ ನಿಂತಿರುತ್ತದೆ, ಅದಕ್ಕೆ ಗೊತ್ತೇ ಆಗಿರುವುದಿಲ್ಲ. ಮುಂದಿನ ಹಂತದಲ್ಲಿ ಕಾಲು ಆಡಿಸುವ ಶಕ್ತಿ ಹೋಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ.

ಎಲ್ಲಕ್ಕಿಂತ ಕೊನೆಗೆ ಹೋಗುವುದು ಆಳದ ನೋವಿನ ಅರಿವು. ಅದನ್ನು ನೋಡಲು ವೈದ್ಯರು ಬೆರಳಿನ ಮೂಳೆಯನ್ನು ಇಕ್ಕಳದಿಂದ ಗಟ್ಟಿಯಾಗಿ ಒತ್ತುತ್ತಾರೆ. ನಾಯಿ ಕಾಲನ್ನು ಹಿಂದಕ್ಕೆಳೆದುಕೊಂಡರೆ ಮನೆಯವರಿಗೆ ಸಮಾಧಾನವಾಗುತ್ತದೆ, ವೈದ್ಯರಿಗೆ ಆಗುವುದಿಲ್ಲ. ಕಾಲೆಳೆಯುವುದು ಬರೀ ಪ್ರತಿವರ್ತನೆ, ಮಿದುಳಿಗೆ ಸುದ್ದಿ ಮುಟ್ಟದೆಯೂ ಅದು ನಡೆಯುತ್ತದೆ. ನಾಯಿ ತಲೆ ತಿರುಗಿಸಿ ನೋಡಿತೇ, ಕೂಗಿತೇ, ಕಚ್ಚಲು ಬಂತೇ ಎಂಬುದಷ್ಟೇ ಲೆಕ್ಕ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಲು ಸೋತಿದ್ದರೂ ಈ ಅರಿವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋಗಿದ್ದರೆ ಅದು ಅರ್ಧದಷ್ಟಕ್ಕೆ, ಸ್ವಲ್ಪ ಹೆಚ್ಚೆಂದರೆ ಅರುವತ್ತರ ಹತ್ತಿರಕ್ಕೆ ಇಳಿಯುತ್ತದೆ. ಕಾಲು ತೊಡರಿದ ದಿನವೇ ಹೊರಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಹೊರಡುವ ಮೊದಲು ನಾಯಿಯನ್ನು ಓಡಾಡಲು ಬಿಡಬೇಡಿ. ಮುಂಗಾಲಿನ ಕಂಕುಳಲ್ಲಿ ಕೈಹಾಕಿ ನೇತಾಡಿಸಿ ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಕೊಟ್ಟು ಬೆನ್ನು ನೆಲಕ್ಕೆ ಸಮನಾಗಿರುವಂತೆ ಎತ್ತಿ ಪಂಜರದಲ್ಲೋ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲೋ ಮಲಗಿಸಿ. ಎಣ್ಣೆ ಹಚ್ಚಿ ಬೆನ್ನು ನೀವುವುದು, ಕಾಲು ಜಗ್ಗುವುದು ಬೇಡವೇ ಬೇಡ. ಮನೆಯಲ್ಲಿರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು, ಕಿಡ್ನಿ ಕೆಡಿಸಬಲ್ಲವು. ಅವುಗಳ ಮೇಲೆ ಸ್ಟೀರಾಯ್ಡ್ ಬಿದ್ದರೆ ಅಪಾಯ ಇನ್ನೂ ಹೆಚ್ಚು. ಏನನ್ನಾದರೂ ಈಗಾಗಲೇ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಮಾತ್ರೆಯಿಂದ ನೋವು ತಗ್ಗಿದ ನಾಯಿ ಮತ್ತೆ ನೆಗೆದು, ಹರಿದ ಡಿಸ್ಕನ್ನು ಇನ್ನಷ್ಟು ಹರಿದುಕೊಳ್ಳುವ ಭಯವೂ ಇದೆ.

ನಾಯಿ ಇನ್ನೂ ನಡೆಯುತ್ತಿದ್ದರೆ ಬಹಳ ಸಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಔಷಧಿಯ ಜೊತೆಗೆ ಕನಿಷ್ಠ ನಾಲ್ಕು ವಾರ ಪಂಜರದ ವಿಶ್ರಾಂತಿ ಕೊಡಬೇಕು, ಮಲಮೂತ್ರಕ್ಕೆ ಮಾತ್ರ ಬೆಲ್ಟ್ ಹಿಡಿದು ಹೊರಗೆ. ವಾರ ಕಳೆಯುವಷ್ಟರಲ್ಲಿ ನಾಯಿ ಗೆಲುವಾಗುತ್ತದೆ, ಹೊರಗೆ ಬಿಡಿ ಎಂದು ಅಳಲು ಶುರುಮಾಡುತ್ತದೆ, ಪಾಪ ಎನಿಸಿ ಬಾಗಿಲು ತೆಗೆಯುತ್ತಾರೆ. ಹರಿದ ನಾರು ಆಗಿನ್ನೂ ಕೂಡಿಕೊಂಡಿರುವುದಿಲ್ಲ. ನಡೆಯಲಾಗದ ನಾಯಿಗೆ ಎಂಆರ್‌ಐ ಮಾಡಿ, ಮಣಿಯ ಒಂದು ಬದಿ ಕೊರೆದು, ಚಿಮ್ಮಿದ ಪದಾರ್ಥವನ್ನು ತೆಗೆಯುತ್ತಾರೆ. ಈ ಸೌಲಭ್ಯ ಎಲ್ಲ ಊರುಗಳಲ್ಲಿ ಇಲ್ಲ. ಹಾಗಾಗಿ ಡ್ಯಾಶ್‌ಹೌಂಡ್ ಸಾಕಿದವರು ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನಂಬರನ್ನು, ಅದು ಹೆಬ್ಬಾಳವಿರಲಿ, ಶಿವಮೊಗ್ಗ, ಹಾಸನ, ಬೀದರ್ ಇರಲಿ, ನಾಯಿ ಚೆನ್ನಾಗಿರುವಾಗಲೇ ಬರೆದಿಟ್ಟುಕೊಂಡು, ಅಲ್ಲಿ ಏನೇನು ಸಿಗುತ್ತದೆ ಎಂದು ಕೇಳಿಟ್ಟುಕೊಳ್ಳಬೇಕು.

ಚೇತರಿಕೆ ಬರುವುದು ತಿರುಗುಮುರುಗಾಗಿ: ಮೊದಲು ನೋವಿನ ಅರಿವು, ಆಮೇಲೆ ಬಾಲ ಮತ್ತು ಕಾಲಿನ ಅಲುಗಾಟ, ಕೊನೆಗೆ ಪಾದ ಸರಿಯಾಗಿ ಊರುವುದು. ಅಲ್ಲಿಯವರೆಗೆ ಮೂತ್ರಕೋಶವನ್ನು ದಿನಕ್ಕೆ ಹಲವು ಸಲ ಮೆಲ್ಲನೆ ಒತ್ತಿ ಖಾಲಿ ಮಾಡಬೇಕಾಗಬಹುದು. ಅದನ್ನು ಆಸ್ಪತ್ರೆಯಲ್ಲೇ ಕೈಹಿಡಿದು ಕಲಿಸಿಕೊಡುತ್ತಾರೆ. ಮರಿ ಕೊಳ್ಳುವವರು ತಾಯಿ ತಂದೆ ನಾಯಿಗಳಿಗೆ ಬೆನ್ನಿನ ಕಾಯಿಲೆ ಬಂದಿತ್ತೇ ಎಂದು ಕೇಳಲೇಬೇಕು. ಡೆನ್ಮಾರ್ಕ್, ಫಿನ್‌ಲೆಂಡಿನಂಥ ದೇಶಗಳಲ್ಲಿ ಎರಡರಿಂದ ನಾಲ್ಕು ವರ್ಷದ ಡ್ಯಾಶ್‌ಹೌಂಡ್‌ಗಳ ಬೆನ್ನಿನ ಎಕ್ಸ್‌ರೇ ತೆಗೆದು, ಎಷ್ಟು ಡಿಸ್ಕ್‌ಗಳು ಸುಣ್ಣಗಟ್ಟಿವೆ ಎಂದು ಎಣಿಸಿ, ಮರಿ ಹಾಕಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ರೂಢಿಯಿದೆ.