ಬಾಗಿದ ಗೆರೆಯಲ್ಲಿ ಘೋಡಬಂದರ್ ರಸ್ತೆ

ಥಾಣೆಯ ಮಾಜಿವಾಡಾದಿಂದ ಹೊರಟು, ಎಡಕ್ಕೆ ಯೇಊರ್ ಗುಡ್ಡಗಳನ್ನೂ ಬಲಕ್ಕೆ ಖಾಡಿಯನ್ನೂ ಇರಿಸಿಕೊಂಡು ಸಾಗುವ ಘೋಡಬಂದರ್ ರಸ್ತೆಯನ್ನು ಒಂದೇ ಹಾಳೆಯಲ್ಲಿ ಚಿತ್ರಿಸಬಯಸುವ ಹವ್ಯಾಸಿಗೆ ಮೊದಲ ತೊಡಕು ಒದಗುವುದು ಅಡಿಪಟ್ಟಿಯಿಂದಲೇ. ಚಿತ್ರಕಲೆಯ ಶಾಲೆಗಳು ಪರ್ಸ್ಪೆಕ್ಟಿವ್ ಎಂದು ಕಲಿಸುವ ಸರಳರೇಖೆಗಳ ನಿಯಮವು ಸುಮಾರು 60 ಡಿಗ್ರಿ ಅಗಲದ ನೋಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದನ್ನು ಮೀರಿದರೆ ಅಂಚಿನ ಕಟ್ಟಡಗಳು ಎಳೆದಂತೆ ವಿಕಾರಗೊಳ್ಳುತ್ತವೆ.

ಕಾಸರವಡವಲಿಯ ಬಳಿ ರಸ್ತೆಯ ಪೂರ್ವದ ಅಂಚಿನಲ್ಲಿ ಗುಡ್ಡಗಳಿಗೆ ಮುಖಮಾಡಿ ನಿಂತವನನ್ನು ಊಹಿಸಿಕೊಳ್ಳಬಹುದು. ಎದುರಿಗೆ ಮೆಟ್ರೊ ಮಾರ್ಗದ ಮೇಲ್ಸೇತುವೆಯು ತಲೆಗಿಂತ ಬಹಳ ಎತ್ತರದಲ್ಲಿದೆ. ಎಡಕ್ಕೆ ಥಾಣೆಯತ್ತ ಕತ್ತು ತಿರುಗಿಸಿದಂತೆ ಅದು ಕ್ಷಿತಿಜದೆಡೆಗೆ ಇಳಿಯುತ್ತದೆ. ಬಲಕ್ಕೆ ಗಾಯಮುಖದತ್ತ ತಿರುಗಿದರೂ ಹಾಗೆಯೇ. ಎರಡು ತುದಿಗಳಲ್ಲಿಯೂ ಇಳಿದು ನಡುವೆ ಎತ್ತರವಾಗಿರುವ ಗೆರೆಯು ನೇರವಾಗಿರಲು ಸಾಧ್ಯವೇ? ಅದು ಕಮಾನಿನಂತೆ ಬಾಗಲೇಬೇಕು. ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ರಸ್ತೆಯಂಚು ತೊಟ್ಟಿಲಿನಂತೆ ಕೆಳಮುಖವಾಗಿ ಬಾಗುತ್ತದೆ. ಕ್ಷಿತಿಜರೇಖೆಯೊಂದೇ ನೇರ.

ಈ ಬಾಗುವಿಕೆ ಮನಬಂದಂತೆ ಎಳೆಯುವುದಲ್ಲ. ಇದಕ್ಕೆ ಖಾತೆಪುಸ್ತಕದಷ್ಟೇ ಕಟ್ಟುನಿಟ್ಟಾದ ಲೆಕ್ಕವಿದೆ. 36 ಸೆಂ.ಮೀ. ಅಗಲದ ಹಾಳೆಯಲ್ಲಿ 180 ಡಿಗ್ರಿಯ ನೋಟವನ್ನು ಇಡುವುದಾದರೆ ಒಂದೊಂದು ಸೆಂ.ಮೀ.ಗೆ 5 ಡಿಗ್ರಿ. ಹಾಳೆಯ ನಡುವೆ ಸೇತುವೆಯ ಅಂಚನ್ನು ಕ್ಷಿತಿಜಕ್ಕಿಂತ 6 ಸೆಂ.ಮೀ. ಮೇಲೆ ಗುರುತಿಸಿದರೆ, ನಡುವಿನಿಂದ 9 ಸೆಂ.ಮೀ. ಆಚೆ ಅದು 4.2ಕ್ಕೆ, 12 ಸೆಂ.ಮೀ. ಆಚೆ 3ಕ್ಕೆ ಇಳಿಯುತ್ತದೆ. ಹಾಳೆಯ ತುದಿಯಲ್ಲಿ ಸೊನ್ನೆ. 60 ಡಿಗ್ರಿ ತಿರುಗಿದಾಗ ಕಾಣುವ ಸೇತುವೆಯ ಭಾಗವು ಎದುರಿನ ಭಾಗಕ್ಕಿಂತ ಎರಡರಷ್ಟು ದೂರದಲ್ಲಿರುವುದೇ ಈ ಅರ್ಧಕ್ಕೆ ಕಾರಣ. ಬಿಂದುಗಳನ್ನು ಕೈಯಿಂದ ಕೂಡಿಸಿದರೆ ಗೆರೆ ಸಿದ್ಧ. ಕಂಬಗಳು ನೆಟ್ಟಗೆಯೇ ಇರಲಿ. ತುದಿಗಳತ್ತ ಅವು ಒತ್ತೊತ್ತಾಗಬೇಕು.

ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ಜಾನ್ ಫೂಕೆ 15ನೆಯ ಶತಮಾನದಲ್ಲಿಯೇ ರಾಜಮೆರವಣಿಗೆಯೊಂದರ ಚಿತ್ರದಲ್ಲಿ ನೆಲಗಟ್ಟನ್ನು ಬಾಗಿಸಿ ಬರೆದಿದ್ದನು. ಅದೇ ದೇಶದ ಫ್ಲೋಕಾನ್ ಮತ್ತು ಬಾರ್ ಎಂಬಿಬ್ಬರು 1968ರಲ್ಲಿ ಇದರ ಶಾಸ್ತ್ರವನ್ನು ಗ್ರಂಥರೂಪದಲ್ಲಿ ನಿರೂಪಿಸಿದರು. ಸ್ಥಳದಲ್ಲಿಯೇ ಕುಳಿತು ಊರನ್ನು ಚಿತ್ರಿಸುವವರ 'ಅರ್ಬನ್ ಸ್ಕೆಚರ್ಸ್' ಬಳಗವನ್ನು ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದರು. ಇನ್ನು, ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಕಂಡ ಕನ್ನಡಿಗರಿಗೆ ಅಡಿಪಟ್ಟಿಯಿಲ್ಲದ ಗೆರೆಯ ಸೊಬಗನ್ನು ವಿವರಿಸಬೇಕಾಗಿಲ್ಲ.

ಆದರೆ ಈ ರಸ್ತೆಗೆ ಇಷ್ಟು ಅಗಲದ ನೋಟವೇಕೆ? ಇಲ್ಲಿ ಗುಡ್ಡವು ಬಹುಮಹಡಿ ಕಟ್ಟಡಗಳ ಸಂದಿಗಳಲ್ಲಿ ತುಂಡುತುಂಡಾಗಿ ಕಾಣುತ್ತದೆ. ಕಿರಿದಾದ ಚೌಕಟ್ಟಿನಲ್ಲಿ ಸಿಗುವುದು ಒಂದೇ ಸಂದಿ. ಮೊಬೈಲಿನ ಅಗಲಚಿತ್ರದಲ್ಲಿ ಗುಡ್ಡ ನೂಲಿನೆಳೆಯಷ್ಟಾಗುತ್ತದೆ. ಬಾಗಿದ ಗೆರೆಯ ಹಾಳೆಯಲ್ಲಿ ಮಾತ್ರ ಆ ತುಂಡುಗಳನ್ನೆಲ್ಲ ಜೋಡಿಸಿ, ಅವು ಒಂದೇ ಗುಡ್ಡಸಾಲಿನವೆಂದು ಮಕ್ಕಳಿಗೆ ತೋರಿಸಬಹುದು. ಹೊಸ ಕಟ್ಟಡವೊಂದು ಎದ್ದರೆ ಇಂದಿನ ಸಂದಿ ನಾಳೆ ಮುಚ್ಚೀತು. ಆದುದರಿಂದ ಹಾಳೆಯ ಮೂಲೆಯಲ್ಲಿ ತಾರೀಖನ್ನೂ ನಿಂತ ಸ್ಥಳವನ್ನೂ ಬರೆದಿಡತಕ್ಕದ್ದು.

ಭಾನುವಾರದ ಬೆಳಗು ಇದಕ್ಕೆ ಪ್ರಶಸ್ತ. ಸೂರ್ಯನು ಬೆನ್ನ ಹಿಂದಿದ್ದು ಗುಡ್ಡದ ಮೇಲೆ ಬೆಳಕು ಬಿದ್ದಿರುತ್ತದೆ. ಲಾರಿಗಳ ಧೂಳಿರುವ ದಾರಿಯಾದುದರಿಂದ ಮೂಗಿಗೆ ವಸ್ತ್ರವಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕತ್ತನ್ನು ಸಡಿಲಿಸುವುದು ಒಳಿತು. ಮೊದಲು ಗುಡ್ಡ ಮತ್ತು ಸೇತುವೆ, ಅನಂತರ ಕಟ್ಟಡಗಳು. ವಾಹನಗಳನ್ನು ಕೊನೆಗೆ ಬರೆದರಾಯಿತು, ಅವಕ್ಕೆ ಈ ರಸ್ತೆಯಲ್ಲಿ ಎಂದೂ ಕೊರತೆಯಿಲ್ಲ.