ನಿರ್ವಾಹಕರಿಗೂ ಬೇಕು ಲಗಾಮು

ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ವಿದ್ವಾಂಸರು ದಶಕಗಳ ಕಾಲ ಶ್ರಮಿಸಿ ಬರೆದ ಲೇಖನಗಳು ಕನ್ನಡ ವಿಕಿಸೋರ್ಸ್ ಸೇರತೊಡಗಿದವು. ಅಲ್ಲಿನ ಪುಟಗಳನ್ನು ಓದುಗರೇ ತಿದ್ದಬಹುದು. ಹಾಗಾದರೆ ಅವುಗಳ ರಕ್ಷಣೆ ಹೇಗೆ?

ಈ ಜಾಲತಾಣವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿ. ಪುಟವನ್ನು ಅಳಿಸುವ, ಅದಕ್ಕೆ ಬೀಗ ಹಾಕುವ, ಕಿಡಿಗೇಡಿಗಳನ್ನು ತಡೆಯುವ ಸೌಲಭ್ಯಗಳನ್ನು ಇದು ನಿರ್ವಾಹಕರಿಗೆ ಕೊಡುತ್ತದೆ. ಆದರೆ ನಿರ್ವಾಹಕರೂ ತಪ್ಪು ಮಾಡಬಹುದಲ್ಲವೇ? ಅದಕ್ಕಾಗಿ ಮೂರು ಏರ್ಪಾಡುಗಳಿವೆ. ಮೊದಲನೆಯದಾಗಿ, ಅಳಿಸಿದ ಪುಟವು ನಾಶವಾಗದೆ ದತ್ತಸಂಚಯದಲ್ಲಿ ಉಳಿದಿರುತ್ತದೆ. ಅದನ್ನು ಮರಳಿ ತರಬಹುದು. ಎರಡನೆಯದಾಗಿ, ಯಾರು, ಯಾವಾಗ, ಏನು ಮಾಡಿದರೆಂಬುದು ತಾನಾಗಿಯೇ ದಾಖಲಾಗುತ್ತದೆ. ಆ ದಾಖಲೆಯನ್ನು ನೀವೂ ಓದಬಹುದು. ಮೂರನೆಯದಾಗಿ, ಇನ್ನೊಬ್ಬರನ್ನು ನಿರ್ವಾಹಕರನ್ನಾಗಿ ಮಾಡುವ ಅಧಿಕಾರ ಸಾಮಾನ್ಯ ನಿರ್ವಾಹಕರಿಗಿಲ್ಲ.

ನಿಮ್ಮ ಶಾಲೆಯ ಅಂಕಪಟ್ಟಿಗೆ ಜಾಲ ತಂತ್ರಾಂಶ ರೂಪಿಸುವಾಗಲೂ ಇದೇ ನಿಯಮ ಅನುಸರಿಸಿ. ಅಂಕ ತುಂಬುವವರಿಗೆ ತುಂಬುವ ಹಕ್ಕಷ್ಟೇ ಇರಲಿ. ಅಂಕ ಬದಲಾದರೆ ಹಳೆಯ ಅಂಕವೂ, ಬದಲಿಸಿದವರ ಹೆಸರೂ ಉಳಿಯಲಿ. ಆದರೆ ಒಂದು ಎಚ್ಚರಿಕೆ. ವಿದ್ಯಾರ್ಥಿಗಳ ಪರದೆಯಿಂದ 'ಅಳಿಸು' ಗುಂಡಿಯನ್ನು ತೆಗೆದುಬಿಟ್ಟರೆ ಸಾಲದು. ಗುಂಡಿಯನ್ನು ಒತ್ತಿದಾಗ ಸರ್ವರಿಗೆ ಹೋಗುವುದು ಒಂದು ಕೋರಿಕೆ ಮಾತ್ರ. ವಿಷಯ ಬಲ್ಲವರು ಗುಂಡಿಯಿಲ್ಲದೆಯೂ ಅದೇ ಕೋರಿಕೆಯನ್ನು ತಾವೇ ಬರೆದು ಕಳಿಸಬಲ್ಲರು. ಆದ್ದರಿಂದ ಪ್ರತಿ ಕೋರಿಕೆ ಬಂದಾಗಲೂ ಕೇಳುತ್ತಿರುವವರು ಯಾರು, ಅವರಿಗೆ ಆ ಹಕ್ಕಿದೆಯೇ ಎಂದು ಸರ್ವರೇ ಪರೀಕ್ಷಿಸಬೇಕು.

ತಂತ್ರಾಂಶ ಸಿದ್ಧವಾದ ಮೇಲೆ ವಿದ್ಯಾರ್ಥಿಯ ಖಾತೆಯಿಂದ ಅಂಕ ಬದಲಿಸಲು ನೀವೇ ಪ್ರಯತ್ನಿಸಿ ನೋಡಿ. ಸರ್ವರ್ ನಿರಾಕರಿಸಿದರೆ ಮಾತ್ರ ಅದನ್ನು ಬಳಕೆಗೆ ಬಿಡಿ.